ನೊರೆಯ ಮೇಲಿನ ನಂಬಿಕೆ

ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಡೋಲರೈಟ್ ಕಲ್ಲನ್ನು ಬಂಡೆಗೆ ಉಜ್ಜಿ ಕೊಡಲಿ ಮಾಡಿದರು; ಉಜ್ಜಿದ ತಗ್ಗುಗಳು ಇಂದಿಗೂ ಕಾಣುತ್ತವೆ. ಉಜ್ಜಿದಷ್ಟೂ ನಯ ಎಂಬ ಕೈಯ ತಿಳಿವಳಿಕೆ ಈ ನೆಲದಲ್ಲಿ ಅಷ್ಟು ಹಳೆಯದು. ಒಗೆಯುವ ಕಲ್ಲು ಅದಕ್ಕೆ ಇನ್ನೊಂದು ನಂಬಿಕೆ ಸೇರಿಸಿತು: ನೊರೆ ಹೆಚ್ಚಾದಷ್ಟೂ ಬಟ್ಟೆ ಶುಭ್ರ. ಮೇಲಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನ್ ಮನೆಗೆ ಬಂದಾಗ ಮೊದಲು ಬಿಡಬೇಕಾದದ್ದು ಇದನ್ನೇ. ಕೊಳವೆಬಾವಿಯ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸಾಬೂನಿನೊಡನೆ ಸೇರಿ ಕರಗದ ಜಿಡ್ಡಾಗುತ್ತವೆ; ಹಾಗಾಗಿ ನೊರೆ ಕಡಿಮೆ. ನೊರೆ ಕಾಣಲೆಂದು ಪುಡಿಯನ್ನು ಅಳತೆ ಮೀರಿ ಸುರಿದರೆ, ಜಾಲಾಡಿದ ಮೇಲೂ ಹೆಚ್ಚಾದ ಪುಡಿ ಕಪ್ಪು ಬಟ್ಟೆಯಲ್ಲಿ ಬಿಳಿ ಗೆರೆಯಾಗಿ ಉಳಿಯುತ್ತದೆ. ಕೊಳೆ ಬಿಡಿಸುವುದು ನೊರೆಯಲ್ಲ, ನೀರಿನಲ್ಲಿ ಕರಗಿದ ಪುಡಿ ಮತ್ತು ತಳದ ಚಕ್ರ ಎಬ್ಬಿಸುವ ಸುಳಿ. ಬಟ್ಟೆಗೆ ಹೊರಳಲು ಜಾಗವಿರಬೇಕು, ತುರುಕಬಾರದು.

ಕೈಯಲ್ಲಿ ಉಜ್ಜಿದಷ್ಟು ಯಂತ್ರದಲ್ಲಿ ಕಾಲರ್ ಸ್ವಚ್ಛವಾಗುವುದಿಲ್ಲ ಎಂಬ ಆಕ್ಷೇಪ ನಿಜವೇ. ಕಾಲರ್, ತೋಳಿನ ಅಂಚುಗಳನ್ನು ಮೊದಲೇ ಬ್ರಷ್‌ನಿಂದ ತಿಕ್ಕಿ ಹಾಕಿದರಾಯಿತು. ಹಿಂಡಿ, ಎತ್ತಿ, ಬಗ್ಗುವ ಕಷ್ಟವಾದರೂ ತಪ್ಪುತ್ತದೆ. ಆ ಕಷ್ಟ ಬಹುತೇಕ ಮನೆಗಳಲ್ಲಿ ಹೆಂಗಸರದೇ ಆಗಿತ್ತೆಂಬುದನ್ನು ಮರೆಯಬಾರದು. ನೀರಿನ ಆಕ್ಷೇಪ ಇನ್ನೂ ಗಟ್ಟಿ: ಮುಂದಿನಿಂದ ತೆರೆಯುವ ಯಂತ್ರಕ್ಕಿಂತ ಇದು ಹೆಚ್ಚು ನೀರು ಕುಡಿಯುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಅದು ಸಣ್ಣ ಮಾತಲ್ಲ. ಕೊನೆಯ ಜಾಲಾಟದ ನೀರನ್ನು ಬಕೆಟ್ಟಿಗೆ ಹಿಡಿದರೆ ಕಾಲೊರೆಸು ಒಗೆಯಲು, ಬಚ್ಚಲು ತೊಳೆಯಲು ಸಾಕು.