ಪಕ್ಕದವರಿಗೆ ಎಷ್ಟು ಬಂತು?



ಹಳ್ಳಿಯ ಹೈಸ್ಕೂಲಿನಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 600 ದಾಟಿ, ಊರವರಿಂದ ಶಾಲು ಹೊದಿಸಿಕೊಂಡ ಹುಡುಗಿ ಪೇಟೆಯ ಹೆಸರಾಂತ ಪಿಯು ಕಾಲೇಜು ಸೇರುತ್ತಾಳೆ. ದೀಪಾವಳಿ ರಜೆಗೆ ಬಂದವಳ ಬಾಯಲ್ಲಿ ಒಂದೇ ಮಾತು: "ಅಮ್ಮಾ, ನಾನು ದಡ್ಡಿ." ನಾಲ್ಕೈದು ತಿಂಗಳಲ್ಲಿ ಬುದ್ಧಿ ಕರಗಿತೇ? ಗಣಿತ ಮೊದಲಿಗಿಂತ ಹೆಚ್ಚೇ ಬರುತ್ತದೆ. ಬದಲಾದದ್ದು ಅಕ್ಕಪಕ್ಕ ಕೂತವರು.

ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ 1984ರಲ್ಲಿ ಸಿಡ್ನಿಯ ಶಾಲೆಗಳಲ್ಲಿ ಇದನ್ನೇ ಕಂಡರು. 2003ರಲ್ಲಿ 26 ದೇಶಗಳ, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ಉತ್ತರಗಳನ್ನು ನೋಡಿದಾಗಲೂ ಅದೇ ಕಂಡಿತು. ಒಂದೇ ಮಟ್ಟದ ಇಬ್ಬರಲ್ಲಿ, ಜಾಣರೇ ತುಂಬಿದ ಶಾಲೆಯಲ್ಲಿರುವ ಮಗು ತನ್ನನ್ನು ಕಡಿಮೆ ಎಣಿಸಿಕೊಳ್ಳುತ್ತದೆ. ಹಾಳೂರಿಗೆ ಉಳಿದವನೇ ಗೌಡ ಎಂದು ನಾವು ನಗುತ್ತೇವೆ, ಸರಿ. ಆದರೆ ಆ ಗೌಡಿಕೆ ಕೊಟ್ಟ ಧೈರ್ಯದಲ್ಲೇ ಅಲ್ಲವೇ ಆ ಹುಡುಗಿ ಬಸ್ಸು ಹತ್ತಿದ್ದು?

ಹೋಲಿಕೆ ತಪ್ಪಿಸಲಾಗದ್ದು. ಅದು ಎಷ್ಟು ನೋಯಿಸುತ್ತದೆ ಎಂಬುದು ಮಾತ್ರ ಬುದ್ಧಿಯ ಬಗ್ಗೆ ಮಗು ಏನು ನಂಬಿದೆ ಎಂಬುದರ ಮೇಲೂ ಇದೆ. ಆ ನಂಬಿಕೆಯನ್ನು ನಾವು ಹೊಗಳುವ ಮಾತೇ ಬೆಳೆಸಬಲ್ಲದು. ಅಮೆರಿಕದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟರು. ಮುಗಿಸಿದ ಮೇಲೆ ಕೆಲವರಿಗೆ "ನೀನು ಬಹಳ ಜಾಣ" ಎಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀಯ" ಎಂದರು. ವ್ಯತ್ಯಾಸ ಅಷ್ಟೇ, ಒಂದು ವಾಕ್ಯ. ಆಮೇಲೆ ಕಷ್ಟದ ಲೆಕ್ಕ ಕೊಟ್ಟು ಸೋಲಿಸಿದರು. ಇನ್ನೊಂದು ಸುತ್ತು ಸುಲಭದ್ದು ಬಂದಾಗ, ಜಾಣ ಎನಿಸಿಕೊಂಡವರು ಮೊದಲಿಗಿಂತ ಕಡಿಮೆ ಮಾಡಿದರು. ಶ್ರಮದ ಮಾತು ಕೇಳಿದವರು ಮೇಲೇರಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಮಕ್ಕಳ ಮುಂದೆ ಎರಡು ಕಡತ ಇಟ್ಟಿದ್ದರು. ಒಂದರಲ್ಲಿ ಲೆಕ್ಕ ಬಿಡಿಸುವ ಹೊಸ ದಾರಿಗಳು, ಇನ್ನೊಂದರಲ್ಲಿ ಬೇರೆ ಮಕ್ಕಳು ಪಡೆದ ಅಂಕಗಳು. ಜಾಣ ಎನಿಸಿಕೊಂಡವರಲ್ಲಿ ಹೆಚ್ಚಿನವರ ಕೈ ಹೋದದ್ದು ಅಂಕಗಳ ಕಡೆಗೆ. ಮಾರ್ಕ್ಸ್‌ಕಾರ್ಡ್ ಬಂದೊಡನೆ "ಪಕ್ಕದವರಿಗೆ ಎಷ್ಟು ಬಂತು?" ಎಂದು ಕೇಳುವ ನಮ್ಮ ಮನೆಗಳಲ್ಲಿ ಇದು ಆಶ್ಚರ್ಯವಲ್ಲ.

ಕೊನೆಗೆ, ಬೇರೆ ಶಾಲೆಯ ಅಪರಿಚಿತ ಮಗುವಿಗೆ ಈ ಲೆಕ್ಕಗಳ ಬಗ್ಗೆ ಬರೆಯಿರಿ, ನಿಮ್ಮ ಅಂಕವನ್ನೂ ತಿಳಿಸಿ ಎಂದರು. ಚೀಟಿಗೆ ಹೆಸರು ಹಾಕಬೇಕಿರಲಿಲ್ಲ. ಆದರೂ ಜಾಣ ಎನಿಸಿಕೊಂಡ ಹತ್ತರಲ್ಲಿ ಸುಮಾರು ನಾಲ್ವರು ಅಂಕ ಏರಿಸಿ ಬರೆದರು. ಅವರನ್ನು ಸುಳ್ಳುಗಾರರು ಎನ್ನಲು ನನಗೆ ಮನಸ್ಸು ಬಾರದು. ಹೊಗಳಿಕೆಯಾಗಿ ಸಿಕ್ಕ ಹೆಸರನ್ನು ಉಳಿಸಿಕೊಳ್ಳಲು ಅವರ ಕೈಯಲ್ಲಿದ್ದದ್ದು ಆ ಪೆನ್ಸಿಲ್ ಒಂದೇ.