ಹೃದ್ರೋಗಿಯ ಮನಸ್ಸಿನ ಆರೈಕೆ



ದಾವಣಗೆರೆಯ ಮಂಡಿಪೇಟೆಯಲ್ಲಿ ಸಗಟು ಅಂಗಡಿಯ ಯಜಮಾನರೊಬ್ಬರಿಗೆ ಹೃದಯಾಘಾತವಾಯಿತೆಂದು ಭಾವಿಸೋಣ. ವೈದ್ಯರು ಮುಚ್ಚಿಹೋಗಿದ್ದ ರಕ್ತನಾಳವನ್ನು ತೆರೆದು, ಸ್ಟೆಂಟ್ ಎಂಬ ಜಾಲರಿಯ ಸಣ್ಣ ಕೊಳವೆಯನ್ನಿಟ್ಟು, ಕೆಲವೇ ದಿನಗಳಲ್ಲಿ ಅವರನ್ನು ಮನೆಗೆ ಕಳುಹಿಸುತ್ತಾರೆ. ನೆಂಟರಿಷ್ಟರು ಬಂದು, ಗಂಡಾಂತರ ಕಳೆಯಿತೆಂದು ಸಮಾಧಾನ ಹೇಳಿ ಹೋಗುತ್ತಾರೆ. ಅನಂತರ ಆಗುವುದೇನೆಂಬುದೇ ಈ ಹೊತ್ತಿನ ನಮ್ಮ ವಿಷಯ.

ರಾತ್ರಿ ದೀಪವಾರಿದ ಮೇಲೆ ಅವರು ಎಡಮಗ್ಗುಲಾಗಿ ಮಲಗಲು ಅಂಜುತ್ತಾರೆ. ತಮ್ಮ ಎದೆಯ ಬಡಿತವನ್ನು ತಾವೇ ಎಣಿಸುತ್ತಾರೆ. ಹಗಲಿನಲ್ಲಿ ಮನೆಯವರ ಅಕ್ಕರೆಯು ಆ ಅಂಜಿಕೆಗೆ ನೀರೆರೆಯುತ್ತದೆ. ಮಡದಿಯು ಮಹಡಿಯನ್ನು ಹತ್ತಗೊಡಿಸುವುದಿಲ್ಲ. “ಅಪ್ಪಾಜಿ, ಅಂಗಡಿಯ ಚಿಂತೆ ಬಿಡಿ, ನಾನಿದ್ದೇನೆ” ಎಂದು ಮಗನು ಲೆಕ್ಕದ ಪುಸ್ತಕವನ್ನು ಎತ್ತಿಕೊಂಡು ಹೋಗುತ್ತಾನೆ. ಬಾಕಿ ವಸೂಲಿಯ ಮಾತು ಬಂದರೆ ಎಲ್ಲರೂ ದನಿ ತಗ್ಗಿಸುತ್ತಾರೆ. ಇದೆಲ್ಲವೂ ಪ್ರೀತಿಯೇ ಹೌದು. ಆದರೆ ರೋಗಿಯು ಅದರಲ್ಲಿ ಓದಿಕೊಳ್ಳುವ ಅರ್ಥ ಬೇರೆ: ತನ್ನ ಕಾಲ ಮುಗಿಯಿತು, ತನ್ನಿಂದ ಇನ್ನು ಯಾರಿಗೂ ಪ್ರಯೋಜನವಿಲ್ಲ ಎಂಬುದೇ ಆ ಅರ್ಥ.

ಒಂದು ಕಾಲದಲ್ಲಿ ವೈದ್ಯರೂ ಹೀಗೆಯೇ ಮಾಡುತ್ತಿದ್ದರು. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡಿಸುತ್ತಿರಲಿಲ್ಲ. 1950ರ ದಶಕದ ಆರಂಭದಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ಅಂತಹ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕುಳ್ಳಿರಿಸಿದರು, ಅನಾಹುತವೇನೂ ಸಂಭವಿಸಲಿಲ್ಲ. ಕುರ್ಚಿಯಲ್ಲಿ ಕುಳಿತವನು ತನ್ನನ್ನು ಬದುಕುವವರ ಸಾಲಿಗೆ ಸೇರಿಸಿಕೊಳ್ಳುತ್ತಾನೆಂಬುದು ನಮ್ಮ ಎಣಿಕೆ. ಆಸ್ಪತ್ರೆಗಳು ಕೈಬಿಟ್ಟ ಆ ಹಳೆಯ ಪದ್ಧತಿ ನಮ್ಮ ಮನೆಗಳಲ್ಲಿ ಮಾತ್ರ ಇನ್ನೂ ಜೀವಂತವಾಗಿದೆ.

ಈ ಕುಗ್ಗುವಿಕೆಯನ್ನು ಸಹಜವೆಂದು ತಳ್ಳಿಹಾಕುವಂತಿಲ್ಲ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯೇ ಬೇಕಾಗುವಂತಹ ಖಿನ್ನತೆಯುಂಟಾಗುತ್ತದೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 222 ರೋಗಿಗಳನ್ನು ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದ ವರದಿಯಂತೆ, ಆಸ್ಪತ್ರೆಯಲ್ಲಿರುವಾಗಲೇ ತೀವ್ರ ಖಿನ್ನತೆಗೆ ಒಳಗಾದವರಿಗೆ ಮುಂದಿನ ಆರು ತಿಂಗಳಲ್ಲಿ ಮರಣದ ಸಂಭವವು ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಮನಸ್ಸು ಕುಗ್ಗಿದವನು ಔಷಧವನ್ನು ಮರೆಯುತ್ತಾನೆ, ನಡೆದಾಡುವುದನ್ನು ಬಿಡುತ್ತಾನೆ, ಬಿಟ್ಟಿದ್ದ ಬೀಡಿಯನ್ನು ಮತ್ತೆ ಹಚ್ಚುತ್ತಾನೆ.

ಹಾಗಾದರೆ ಮನಸ್ಸಿಗೆ ಚಿಕಿತ್ಸೆ ಮಾಡಿದರೆ ಆಯುಸ್ಸು ಬೆಳೆಯುವುದೇ? ಇಲ್ಲಿ ನಾವು ಆತುರಪಡಬಾರದು. ಅಮೆರಿಕದಲ್ಲಿ ಸುಮಾರು 2,500 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಾತಿನ ಚಿಕಿತ್ಸೆಯಿಂದ ಖಿನ್ನತೆಯೂ ಒಂಟಿತನವೂ ತಗ್ಗಿದವು, ಮರಣಗಳು ತಗ್ಗಲಿಲ್ಲ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಸುಮಾರು 4,000 ಮಂದಿಯನ್ನೊಳಗೊಂಡು ನಡೆದು 2020ರಲ್ಲಿ ಪ್ರಕಟವಾದ ಯೋಗದ ಪರೀಕ್ಷೆಯ ಫಲವೂ ಇದಕ್ಕೆ ಸಮೀಪವಾದುದೇ: ಆಯುಸ್ಸಿನ ಮಾತು ಖಚಿತವಾಗಲಿಲ್ಲ, ಆದರೆ ಯೋಗವನ್ನು ಕಲಿತವರು ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಬದುಕಿದಷ್ಟು ದಿನ ಬದುಕಿದಂತೆ ಇರುವುದು ಅಲ್ಪ ಲಾಭವೇನೂ ಅಲ್ಲವೆಂದು ನಾವು ತಿಳಿಯುತ್ತೇವೆ.

ಭಯವು ಎಷ್ಟು ಬೇಗ ಹಬ್ಬುತ್ತದೆಂಬುದನ್ನು ನಾಡು ಕಂಡಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರರು ತೀರಿಕೊಂಡಾಗಲೂ, 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹರಡಿದಾಗಲೂ, ಜಯದೇವ ಆಸ್ಪತ್ರೆಯ ಮುಂದೆ ಜನರು ಕಿಕ್ಕಿರಿದು ನೆರೆದರು. ಆರೋಗ್ಯವಂತರೇ ಇಷ್ಟು ಬೆದರಿದರೆ, ಒಮ್ಮೆ ಪೆಟ್ಟು ತಿಂದವರ ಪಾಡೇನು?

ಮನೆಯವರು ಮಾಡತಕ್ಕದ್ದು ಕಷ್ಟದ್ದಲ್ಲ. ಎಷ್ಟು ನಡೆಯಬಹುದು, ಎಂದಿನಿಂದ ಅಂಗಡಿಗೆ ಹೋಗಬಹುದು, ದಾಂಪತ್ಯಕ್ಕೆ ಯಾವಾಗ ಮರಳಬಹುದು ಎಂಬುದನ್ನು ದಂಪತಿಗಳಿಬ್ಬರೂ ಒಟ್ಟಿಗೆ ಹೋಗಿ ವೈದ್ಯರನ್ನೇ ಸಂಕೋಚವಿಲ್ಲದೆ ಕೇಳಬೇಕು. ಹೆಂಡತಿಯ ಕಿವಿಗೂ ಆ ಉತ್ತರ ಬಿದ್ದರೆ ಮನೆಯ ಅರ್ಧ ನಿಷೇಧಗಳು ತಾವಾಗಿ ಬೀಳುತ್ತವೆ. ವೈದ್ಯರು ಒಪ್ಪಿದೊಡನೆ ಲೆಕ್ಕದ ಪುಸ್ತಕವು ಯಜಮಾನರ ಕೈಗೆ ಮರಳಲಿ. ಎರಡು ವಾರಗಳಾದರೂ ಯಾವುದರಲ್ಲಿಯೂ ಆಸಕ್ತಿ ಹುಟ್ಟದಿದ್ದರೆ ಅದನ್ನು ರೋಗವೆಂದೇ ಎಣಿಸಿ ವೈದ್ಯರಿಗೆ ತಿಳಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಎದೆನೋವು ಮರುಕಳಿಸಿದರೆ ಅದು ಬರಿಯ ಭಯವೆಂದು ಮನೆಯಲ್ಲಿಯೇ ತೀರ್ಮಾನಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇದುವರೆಗೆ ಯಜಮಾನರ ಮಾತಾಯಿತು. ಅದೇ ಅಂಗಡಿಯ ಮುಂದೆ ಮೂಟೆ ಹೊರುವ ಹಮಾಲಿಗೆ ಇದೇ ಕಾಯಿಲೆ ಬಂದರೆ, “ಧೈರ್ಯವಾಗಿರು” ಎಂಬ ಉಪದೇಶದಿಂದ ಅವನ ನಿದ್ರೆ ಮರಳುವುದಿಲ್ಲ. ಅವನ ಅಂಜಿಕೆ ಎದೆಯದಷ್ಟೇ ಅಲ್ಲ, ನಾಳಿನ ಕೂಲಿಯದು. ತಕ್ಕಡಿಯ ಬಳಿ ನಿಂತು ತೂಕ ಬರೆದುಕೊಳ್ಳುವ ಕೆಲಸವನ್ನೋ, ಬಂದ ಮೂಟೆಗಳನ್ನು ಎಣಿಸುವ ಕೆಲಸವನ್ನೋ ಅವನಿಗೆ ಕೊಡಬಲ್ಲವರು ಆ ಯಜಮಾನರೇ. ಕಾಯಿಲೆಯಿಂದ ಎದ್ದು ಬಂದವರಾದ್ದರಿಂದ ಅವನ ಸಂಕಟವನ್ನು ಬೇರಾರೂ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.