ಹವಾಮಾನದ ಥ್ರಿಲ್ಲರ್‌ನಲ್ಲಿ ಖಳನಾಯಕ ಯಾರು?

ಥ್ರಿಲ್ಲರ್ ಅಂದಮೇಲೆ ಅದರಲ್ಲೊಬ್ಬ ಖಳನಾಯಕ ಇರಲೇಬೇಕು. ಹಾಗಾದರೆ ಹವಾಮಾನ ಬದಲಾವಣೆಯ ಕಥೆಯಲ್ಲಿ ಆ ಜಾಗಕ್ಕೆ ಯಾರನ್ನು ತರೋದು? ಇಬ್ಬರು ಜನಪ್ರಿಯ ಲೇಖಕರು ಎರಡು ದಾರಿ ಹಿಡಿದರು.

‘ಜುರಾಸಿಕ್ ಪಾರ್ಕ್’ ಬರೆದ ಮೈಕೆಲ್ ಕ್ರೈಟನ್ 2004ರಲ್ಲಿ ‘ಸ್ಟೇಟ್ ಆಫ್ ಫಿಯರ್’ ಹೊರತಂದರು. ಅಲ್ಲಿ ಖಳರು ಪರಿಸರವಾದಿಗಳೇ. ಜನರನ್ನು ಹೆದರಿಸಲು ಸುನಾಮಿ ಎಬ್ಬಿಸುವ ಸಂಚು ಅವರದು. ಕಥೆಯ ನಡುನಡುವೆ ಗ್ರಾಫು, ಅಡಿಟಿಪ್ಪಣಿ ಬೇರೆ.

ಆ ಅಂಕಿಅಂಶಗಳನ್ನು ಎಷ್ಟು ನಂಬಬಹುದು ಅನ್ನೋದಕ್ಕೆ ಒಂದು ಉದಾಹರಣೆ ನೋಡಿ. 1988ರಲ್ಲಿ ನಾಸಾದ ಜೇಮ್ಸ್ ಹ್ಯಾನ್ಸನ್ ಭೂಮಿಯ ತಾಪ ಏರುವ ಮೂರು ಸಾಧ್ಯತೆಗಳನ್ನು ಮುಂದಿಟ್ಟಿದ್ದರು. ಕಾದಂಬರಿ ಅತಿ ಹೆಚ್ಚಿನದೊಂದನ್ನೇ ಹಿಡಿದುಕೊಂಡು, ಅವರ ಲೆಕ್ಕ ಶೇ 300ರಷ್ಟು ತಪ್ಪು ಅಂದಿತು. ಹ್ಯಾನ್ಸನ್ ಹೆಚ್ಚು ಸಂಭವನೀಯ ಅಂದಿದ್ದ ನಡುವಿನ ಅಂದಾಜು ವಾಸ್ತವಕ್ಕೆ ಹತ್ತಿರವೇ ಇತ್ತು. ಆದರೂ 2005ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿಯಲು ಕ್ರೈಟನ್‌ಗೆ ಕರೆ ಬಂತು. ಜನಪ್ರಿಯ ಕಾದಂಬರಿಯ ಬಲ ಅಷ್ಟು ದೊಡ್ಡದು!

ಇದಕ್ಕೂ ಸುಮಾರು 20 ವರ್ಷ ಮೊದಲೇ, 1985ರಲ್ಲಿ, ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ‘ಚಿದಂಬರ ರಹಸ್ಯ’ ಬರೆದಿದ್ದರು. ಕಾದಂಬರಿಯ ಊರಾದ ಕೆಸರೂರಿನಲ್ಲಿ ಏಲಕ್ಕಿ ವಿಜ್ಞಾನಿಯೊಬ್ಬರ ಸಾವು ಅನುಮಾನ ಹುಟ್ಟಿಸುತ್ತದೆ. ಏಲಕ್ಕಿ ಇಳುವರಿಯೂ ಕುಸಿದಿದೆ. ಗುಪ್ತಚರ ಅಧಿಕಾರಿ ಅಂಗಾಡಿ ತನಿಖೆಗೆ ಬರುತ್ತಾನೆ.

ಏಲಕ್ಕಿಗೆ ಮರದ ನೆರಳು ಬೇಕು, ತೇವ ಬೇಕು, ಪರಾಗಸ್ಪರ್ಶಕ್ಕೆ ಜೇನು ಬೇಕು. ಕಾಡು ಹೋದರೆ ಮೂರೂ ಹೋಗುತ್ತವೆ. ಆ ಊರಿನಲ್ಲಿ ಕಳ್ಳಸಾಗಣೆ, ಜಾತಿದ್ವೇಷ, ವದಂತಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಕೈಕೋಳ ತೊಡಿಸಲು ಒಬ್ಬನೇ ಒಬ್ಬ ಅಪರಾಧಿ ಸಿಗುವುದಿಲ್ಲ. ಕೊನೆಗೆ ಕಾಡ್ಗಿಚ್ಚು ಊರಿಗೇ ನುಗ್ಗುತ್ತದೆ. 1987ರಲ್ಲಿ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1994ರ ‘ಜುಗಾರಿ ಕ್ರಾಸ್’ನಲ್ಲಿ ತೇಜಸ್ವಿ ಮತ್ತೆ ಥ್ರಿಲ್ಲರ್‌ನ ವೇಗಕ್ಕೆ ಮಲೆನಾಡಿನ ಲೂಟಿಯ ಕಥೆ ಜೋಡಿಸಿದರು.

ಇಂಥದೇ ಹೆಣಿಗೆಯನ್ನು ನಿಜಜೀವನದಲ್ಲಿ ನೋಡಲು ಈಗ ಬೆಂಗಳೂರಿನ ನಮ್ಮ ಜ್ಞಾನಭಾರತಿಗೆ ಬನ್ನಿ. 2023ರಲ್ಲಿ ಮುಂಗಾರು ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಟ್ಯಾಂಕರ್ ನೀರಿಗೆ ಆಡಳಿತವೇ ದರ ಕಟ್ಟಬೇಕಾಯಿತು. ಇಲ್ಲೇ ಮೈಸೂರು ರಸ್ತೆಯ ಬದಿಯಲ್ಲಿ ವೃಷಭಾವತಿ ನದಿ ಮಾತ್ರ ನಮ್ಮದೇ ಮನೆಗಳ ಕೊಳಚೆ ಹೊತ್ತು ಹರಿಯುತ್ತಿದೆ. ಮಳೆ ತಪ್ಪಿದ್ದು, ಕೆರೆ ಮುಚ್ಚಿದ್ದು, ಅಂತರ್ಜಲ ಹೀರಿದ್ದು ಎಲ್ಲ ಸೇರಿ ಆದ ಅನಾಹುತ ಆ ನೀರಿನ ಬರ.

ಒಬ್ಬ ಖಳನನ್ನು ತೋರಿಸಿದರೆ ಓದುಗ ನಿರಾಳನಾಗಿ ಪುಸ್ತಕ ಮುಚ್ಚುತ್ತಾನೆ. ತೇಜಸ್ವಿ ಓದುಗನನ್ನೂ ತನಿಖೆಯೊಳಗೆ ಎಳೆದುಕೊಂಡರು. ಹವಾಮಾನದ ಕಥೆಗೆ ಬೇಕಾದದ್ದು ಈ ದಾರಿ. ಜ್ಞಾನಭಾರತಿಯಲ್ಲಿ ಓದುತ್ತಿರುವ ಹೊಸ ಬರಹಗಾರರು ಅದನ್ನು ಮುಂದುವರಿಸಲಿ.